ನೆಲವೇ ಡೊಂಕಾಗಿರುವಾಗ



‘ಕುಣಿಯಲಾರದವಳು ನೆಲ ಡೊಂಕೆಂದಳಂತೆ’ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಅದೆಷ್ಟು ಬಾರಿ ಉದಾಹರಿಸಿರುವೆನೋ ಲೆಕ್ಕವಿಲ್ಲ. ವಿಸ್ತರಿಸಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿದ್ದೂ ಉಂಟು. ಆದರೆ ಆ ಗಾದೆಯನ್ನು ಕಟ್ಟಿದವರು ಒಂದು ಸಾಧ್ಯತೆಯನ್ನು ಕೈಬಿಟ್ಟಿದ್ದಾರೆ. ಒಮ್ಮೊಮ್ಮೆ ನೆಲವು ನಿಜವಾಗಿಯೂ ಡೊಂಕಾಗಿರುತ್ತದೆ. ಕಳೆದ ಇಪ್ಪತ್ತೈದು ವರ್ಷಗಳಿಂದ ನಮ್ಮ ಮನೆಗಳ ಹಿರಿಯರು ಅಂತಹ ಒಂದು ನೆಲದ ಮೇಲೆ ಹೆಜ್ಜೆ ಹಾಕಲು ಹೆಣಗುತ್ತ ಬಂದಿದ್ದಾರೆ. ಹೆಜ್ಜೆ ತಪ್ಪಿದಾಗಲೆಲ್ಲ ಬೈಗುಳ ಅವರಿಗೇ ಸಂದಿದೆ.

ನಾನು ಹೇಳಹೊರಟಿರುವುದು ಗಣಕಯಂತ್ರದ ಮೂಲಕ ನಡೆಯುವ ತತ್‌ಕ್ಷಣದ ಸಂಭಾಷಣೆಯ ವಿಷಯ. ಮೆಸೆಂಜರ್ ಎಂದೊಡನೆ ನಿಮಗೆಲ್ಲ ಅರ್ಥವಾದೀತು. ಒಂದು ಯಂತ್ರದಲ್ಲಿ ಕುಳಿತು ಮಾತನಾಡುತ್ತಿರುವಾಗ, ಅದೇ ಹೆಸರಿನಲ್ಲಿ ಮತ್ತೊಂದು ಯಂತ್ರವು ಪ್ರವೇಶ ಪಡೆದರೆ ಮೊದಲನೆಯದನ್ನು ಥಟ್ಟನೆ ಹೊರದೂಡಲಾಗುತ್ತಿತ್ತು. ಪರದೆಯ ಮೇಲೆ ಒಂದು ಸಾಲು ಮೂಡುತ್ತಿತ್ತು: ನೀವು ಬೇರೊಂದು ಕಂಪ್ಯೂಟರಿನಿಂದ ಪ್ರವೇಶಿಸಿರುವ ಕಾರಣ ಇಲ್ಲಿಂದ ನಿಮ್ಮನ್ನು ಹೊರಗೆ ಕಳುಹಿಸಲಾಗಿದೆ. ಯಾವ ಕಂಪ್ಯೂಟರು? ಎಲ್ಲಿಯದು? ಎಷ್ಟು ಹೊತ್ತಿಗೆ? ಉತ್ತರವಿಲ್ಲ. ಮಕ್ಕಳನ್ನು ಕರೆದು ಕೇಳಿದರೆ ಸಿದ್ಧ ಉತ್ತರವೊಂದು ಬರುತ್ತಿತ್ತು, ಇಂದಿಗೂ ಬರುತ್ತಿದೆ: “ನೀವೇ ಏನೋ ಒತ್ತಿರಬೇಕು.” ಈ ಮೂರು ಮಾತಿನ ತೀರ್ಪನ್ನು ವಿರೋಧಿಸುವುದಕ್ಕಾಗಿಯೇ ಈ ಲೇಖನ.

ಬಿ.ಇಡಿ. ಓದುವಾಗ ಮೌಲ್ಯಮಾಪನದ ಪಾಠದಲ್ಲಿ ನಮಗೆ ಒಂದು ತತ್ತ್ವವನ್ನು ಕಲಿಸಿದ್ದರು. ತರಗತಿಯಲ್ಲಿ ಒಬ್ಬ ಹುಡುಗ ಒಂದು ಪ್ರಶ್ನೆಗೆ ತಪ್ಪು ಉತ್ತರ ಬರೆದರೆ ಹುಡುಗನನ್ನು ವಿಚಾರಿಸಿ. ಇಡೀ ತರಗತಿಯೇ ಅದೇ ಪ್ರಶ್ನೆಗೆ ತಪ್ಪು ಉತ್ತರ ಬರೆದರೆ ಪ್ರಶ್ನೆಪತ್ರಿಕೆಯನ್ನು ವಿಚಾರಿಸಿ. ಎಷ್ಟೋ ಮನೆಗಳಲ್ಲಿ, ಎಷ್ಟೋ ದೇಶಗಳಲ್ಲಿ, ವಯಸ್ಸು ವಿದ್ಯೆಗಳ ಭೇದವಿಲ್ಲದೆ ಜನರು ಒಂದೇ ಜಾಗದಲ್ಲಿ ಎಡವುತ್ತಾರೆಂದರೆ ಪರೀಕ್ಷಿಸಬೇಕಾದದ್ದು ಯಾವುದೆಂದು ಹೇಳಲು ಶಿಕ್ಷಣಶಾಸ್ತ್ರದ ಪದವಿಯೂ ಬೇಕಿಲ್ಲ.

ಮೊದಲು ಒಳಗಿನ ವ್ಯವಸ್ಥೆಯನ್ನು ಸರಳವಾಗಿ ತಿಳಿಯೋಣ. ನೀವು ಹೆಸರನ್ನೂ ಗುಪ್ತಪದವನ್ನೂ ಕೊಟ್ಟಾಗ ದೂರದ ಸರ್ವರ್ ಎಂಬ ಯಂತ್ರವು ತನ್ನ ಹಾಜರಿ ಪುಸ್ತಕದಲ್ಲಿ ‘ಇಂಥವರು ಇಂಥ ಸಂಪರ್ಕದಲ್ಲಿ ಇದ್ದಾರೆ’ ಎಂದು ಗುರುತು ಮಾಡಿಕೊಳ್ಳುತ್ತದೆ. ಯಾರಾದರೂ ನಿಮಗೆ ಮಾತು ಕಳುಹಿಸಿದರೆ ಪುಸ್ತಕ ನೋಡಿ ಆ ಸಂಪರ್ಕಕ್ಕೆ ತಲುಪಿಸುತ್ತದೆ. ಅದೇ ಹೆಸರು ಮತ್ತೊಂದು ಯಂತ್ರದಿಂದ ಬಂದರೆ ಅದರ ಮುಂದೆ ಮೂರು ದಾರಿಗಳಿವೆ. ಹೊಸಬನನ್ನು ಬಾಗಿಲಲ್ಲೇ ತಡೆಯಬಹುದು; ಹಳಬನನ್ನು ಹೊರಗೆ ಅಟ್ಟಬಹುದು; ಅಥವಾ ಇಬ್ಬರಿಗೂ ಬೇರೆ ಬೇರೆ ಉಪನಾಮ ಕೊಟ್ಟು ಕೂರಿಸಬಹುದು. ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂಬುದು ಪ್ರಕೃತಿ ನಿಯಮವಲ್ಲ. ಮೇಜಿನ ಮುಂದೆ ಕುಳಿತ ಯಾರೋ ಕೆಲವರು ಮಾಡಿದ ತೀರ್ಮಾನ.

ಇತಿಹಾಸವನ್ನು ನೋಡಿ. 1996ರ ನವೆಂಬರಿನಲ್ಲಿ ಇಸ್ರೇಲಿನ ಮಿರಾಬಿಲಿಸ್ ಸಂಸ್ಥೆ ಐಸಿಕ್ಯೂ ತಂದಿತು. 1997ರ ಮೇ ತಿಂಗಳಲ್ಲಿ ಅಮೆರಿಕದ ಎಒಎಲ್ ಸಂಸ್ಥೆಯ ಏಮ್, 1998ರ ಮಾರ್ಚಿನಲ್ಲಿ ಯಾಹೂ ಪೇಜರ್ ಎಂಬ ಹೆಸರಿನಲ್ಲಿ ಯಾಹೂ ಮೆಸೆಂಜರ್, 1999ರ ಜುಲೈಯಲ್ಲಿ ಮೈಕ್ರೋಸಾಫ್ಟಿನ ಎಂಎಸ್‌ಎನ್ ಮೆಸೆಂಜರ್ ಬಂದವು. ಎಂಎಸ್‌ಎನ್ ಆರಿಸಿಕೊಂಡದ್ದು ಎರಡನೆಯ ದಾರಿ. ಅದರ ಸರ್ವರು ಹಳೆಯ ಯಂತ್ರಕ್ಕೆ ಕಳುಹಿಸುತ್ತಿದ್ದ ಆಜ್ಞೆ ‘ಔಟ್’ ಎಂಬ ಒಂದೇ ಪದ. ಅದರ ಪಕ್ಕದಲ್ಲಿ ‘ಬೇರೆಡೆ ಪ್ರವೇಶವಾಗಿದೆ’ ಎಂಬುದಕ್ಕೆ ಓ-ಟಿ-ಎಚ್ ಎಂಬ ಮೂರಕ್ಷರದ ಸಂಕೇತ. ಅಷ್ಟೇ. ಯಾವ ಯಂತ್ರ ಬಂತೆಂಬುದು ಸರ್ವರಿಗೆ ಗೊತ್ತಿತ್ತು. ಹೊರಹಾಕಲ್ಪಟ್ಟವನಿಗೆ ಅದನ್ನು ಹೇಳಬೇಕೆಂದು ಮಾತ್ರ ಯಾರಿಗೂ ತೋಚಲಿಲ್ಲ.

ಆ ಕಾಲದಲ್ಲಿ ಅಷ್ಟೇ ಸಾಧ್ಯವಿತ್ತು ಎನ್ನುವವರಿಗೆ ಎರಡು ಉತ್ತರಗಳಿವೆ. ಮೊದಲನೆಯದು ಏಮ್. ಅದು ಮುಂದೆ ಒಂದು ಸಭ್ಯ ವ್ಯವಸ್ಥೆಯನ್ನು ತಂದಿತು. ಎರಡು ಕಡೆ ಪ್ರವೇಶವಾಗಿದ್ದರೆ ‘ನಿಮ್ಮ ಹೆಸರು ಈಗ ಎರಡು ಸ್ಥಳಗಳಲ್ಲಿದೆ, ಬೇರೆಯದನ್ನು ಮುಚ್ಚಬೇಕಿದ್ದರೆ 1 ಎಂದು ಉತ್ತರಿಸಿ’ ಎಂಬರ್ಥದ ಸಂದೇಶ ಬರುತ್ತಿತ್ತು. ಹೊರಗೆ ಕಳುಹಿಸುವ ಅಧಿಕಾರ ಬಳಸುವವನ ಕೈಯಲ್ಲಿ ಉಳಿಯಿತು. ಎರಡನೆಯದು ಜೆರೆಮಿ ಮಿಲ್ಲರ್ ಎಂಬುವರು 1999ರಲ್ಲಿ ಪ್ರಕಟಿಸಿದ ಜ್ಯಾಬರ್. ಎಕ್ಸ್‌ಎಂಪಿಪಿ ಎಂಬ ಹೆಸರಿನಲ್ಲಿ ಅದರ ನಿಯಮಗಳು 2004ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 3920 ಮತ್ತು 3921 ಎಂಬ ದಾಖಲೆಗಳಾಗಿ ಹೊರಬಂದವು. ಅದರಲ್ಲಿ ವ್ಯಕ್ತಿಯ ವಿಳಾಸದ ತುದಿಗೆ ಒಂದು ಬಾಲವುಂಟು, ರಿಸೋರ್ಸ್ ಎನ್ನುತ್ತಾರೆ. ಮನೆಯ ಯಂತ್ರಕ್ಕೆ ‘ಮನೆ’, ಕಚೇರಿಯದಕ್ಕೆ ‘ಕಚೇರಿ’. ಒಂದೇ ಹೆಸರು, ಎರಡು ಪೀಠ, ಜಗಳವಿಲ್ಲ. ಪ್ರತಿ ಪೀಠಕ್ಕೂ ಮೈನಸ್ 128ರಿಂದ 127ರವರೆಗಿನ ಒಂದು ಆದ್ಯತಾಂಕ ಕೊಡಬಹುದು. ಬಾಲವಿಲ್ಲದ ವಿಳಾಸಕ್ಕೆ ಬಂದ ಮಾತು ಹೆಚ್ಚಿನ ಅಂಕವಿರುವ ಪೀಠಕ್ಕೆ ಹೋಗುತ್ತದೆ. 2005ರ ಆಗಸ್ಟಿನಲ್ಲಿ ಬಂದ ಗೂಗಲ್ ಟಾಕ್ ಇದೇ ಅಡಿಪಾಯದ ಮೇಲೆ ನಿಂತಿತ್ತು.

ಈ ವ್ಯವಸ್ಥೆಯೂ ದೋಷಮುಕ್ತವಾಗಿರಲಿಲ್ಲ. ಕಚೇರಿಯ ಯಂತ್ರವನ್ನು ಮುಚ್ಚದೆ ಮನೆಗೆ ಬಂದವನ ಪತ್ನಿಯ ಸಂದೇಶ ಖಾಲಿ ಕಚೇರಿಯಲ್ಲಿ ಸದ್ದು ಮಾಡುತ್ತಿತ್ತು. ಅದಕ್ಕೂ ಪರಿಹಾರ ಹುಡುಕಿದರು. ಒಂದು ಪೀಠಕ್ಕೆ ಬಂದ ಮಾತಿನ ಪ್ರತಿಯನ್ನು ಉಳಿದ ಪೀಠಗಳಿಗೂ ಕಳುಹಿಸುವ ವಿಧಾನವೊಂದು ರೂಪುಗೊಂಡಿತು. ಅದರ ಹೆಸರೇ ಕಾರ್ಬನ್ಸ್. ಕಾರ್ಬನ್ ಕಾಗದ ಇಟ್ಟು ವರ್ಗಾವಣೆ ಪತ್ರ ಬರೆದ ನಮ್ಮ ತಲೆಮಾರಿನವರಿಗೆ ಈ ಹೆಸರನ್ನು ಯಾರೂ ವಿವರಿಸಬೇಕಾಗಿಲ್ಲ. 2011ರ ಮಾರ್ಚಿನಲ್ಲಿ ಪರಿಷ್ಕರಿಸಿದ ಆರ್‌ಎಫ್‌ಸಿ 6120ರಲ್ಲಿ ನಾನು ಮೇಲೆ ಹೇಳಿದ ಮೂರೂ ದಾರಿಗಳನ್ನು ಪಟ್ಟಿ ಮಾಡಿ, ಎರಡೂ ಕಡೆ ಕೂರಿಸುವ ದಾರಿಯನ್ನೇ ಶಿಫಾರಸು ಮಾಡಿದ್ದಾರೆ. ಘರ್ಷಣೆಯ ಕಾರಣದಿಂದ ಹೊರಬಿದ್ದ ಯಂತ್ರವು ಕುರುಡಾಗಿ ಅದೇ ಬಾಲವನ್ನು ಮತ್ತೆ ಕೇಳಕೂಡದೆಂದೂ ವಿಧಿಸಿದ್ದಾರೆ.

ಈ ಕೊನೆಯ ವಿಧಿ ಏಕೆ ಬೇಕಾಯಿತೆಂದು ಯೋಚಿಸಿ. ಸಂಪರ್ಕ ಕಡಿದೊಡನೆ ತಾನಾಗಿ ಮತ್ತೆ ಪ್ರವೇಶಿಸುವ ತಂತ್ರಾಂಶ ಎರಡು ಯಂತ್ರಗಳಲ್ಲೂ ಇದ್ದರೆ ಏನಾಗುತ್ತದೆ? ಮೊದಲನೆಯದು ಎರಡನೆಯದನ್ನು ನೂಕುತ್ತದೆ. ಎರಡನೆಯದು ಮರಳಿ ಬಂದು ಮೊದಲನೆಯದನ್ನು ನೂಕುತ್ತದೆ. ಕೆಂಪು ಬಸ್ಸಿನ ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದ ಕಥೆ. ಎರಡು ಕಡೆ ಕುಳಿತ ಇಬ್ಬರು ಮನುಷ್ಯರು ಮಾತ್ರ ಪರದೆ ಮಿನುಗುವುದನ್ನು ಕಂಡು ತಮ್ಮದೇ ಏನೋ ತಪ್ಪಾಗಿದೆಯೆಂದು ಕೈ ಹಿಸುಕಿಕೊಳ್ಳುತ್ತಾರೆ.

ನನ್ನ ಅಕ್ಕನ ಮನೆಯಲ್ಲಿ 2006ರಲ್ಲಿ ನಡೆದದ್ದನ್ನು ಬಂಧುಗಳಲ್ಲಿ ಹಲವರು ಬಲ್ಲಿರಿ, ವಿದ್ಯಾರ್ಥಿಗಳಿಗಾಗಿ ಬರೆಯುತ್ತೇನೆ. ವಿದೇಶದಲ್ಲಿದ್ದ ಮಗ ರಜೆಗೆ ಬಂದಾಗ ತನ್ನ ಲ್ಯಾಪ್‌ಟಾಪಿನಲ್ಲಿ ಅಮ್ಮನ ಹೆಸರಿನಿಂದ ಒಮ್ಮೆ ಪ್ರವೇಶಿಸಿ ತೋರಿಸಿದ್ದ. ‘ತಾನಾಗಿ ಪ್ರವೇಶಿಸು’ ಎಂಬ ಗುರುತು ಅದರಲ್ಲಿ ಉಳಿದುಹೋಗಿತ್ತು. ಅವನು ಹಿಂದಿರುಗಿದ ಮೇಲೆ ಪ್ರತಿ ಸಂಜೆ ಅಕ್ಕ ಯಂತ್ರದ ಮುಂದೆ ಕೂರುವಳು. ಅಲ್ಲಿ ಬೆಳಗಾಗಿ ಅವನು ಲ್ಯಾಪ್‌ಟಾಪ್ ತೆರೆದ ಕ್ಷಣದಲ್ಲೇ ಅದು ಅಮ್ಮನ ಹೆಸರಿನಲ್ಲಿ ಒಳಹೊಕ್ಕು ಇಲ್ಲಿ ಆಕೆಯನ್ನು ಹೊರಹಾಕುತ್ತಿತ್ತು. ಅವನು ತನ್ನ ಹೆಸರಿಗೆ ಬದಲಾಯಿಸಿಕೊಂಡು ಅಮ್ಮನನ್ನು ಹುಡುಕುವಷ್ಟರಲ್ಲಿ, ಏನೋ ಕೆಟ್ಟಿತೆಂದು ಹೆದರಿ ಆಕೆ ಯಂತ್ರವನ್ನೇ ಆರಿಸಿರುತ್ತಿದ್ದಳು. ಮಗ ಬಂದದ್ದೇ ತಾಯಿ ಹೋಗುವುದಕ್ಕೆ ಕಾರಣವಾಗುತ್ತಿತ್ತು.

ಹತ್ತು ದಿನ ಹೀಗೆ ನಡೆದ ಮೇಲೆ ದುರಸ್ತಿಯವನನ್ನು ಕರೆಸಿದರು. ಅವನು ಪರದೆಯ ಸಾಲನ್ನು ಓದುವ ಗೋಜಿಗೆ ಹೋಗದೆ ವೈರಸ್ ಎಂದು ತೀರ್ಮಾನಿಸಿ ಡಿಸ್ಕನ್ನು ಅಳಿಸಿ ಹೊಸದಾಗಿ ಎಲ್ಲವನ್ನೂ ತುಂಬಿದ. ಆ ಡಿಸ್ಕಿನಲ್ಲಿ ಮೂರು ವರ್ಷಗಳ ಸಂಭಾಷಣೆಗಳಿದ್ದವು. ಅದಕ್ಕೆ ಹಿಂದಿನ ವರ್ಷ ತೀರಿಕೊಂಡಿದ್ದ ಭಾವನವರು ಎರಡು ಬೆರಳಿನಲ್ಲಿ ಒತ್ತೊತ್ತಿ ಮಗನಿಗೆ ಬರೆದ ಮಾತುಗಳು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ, ಅದರಲ್ಲಿದ್ದವು. ಬೇರೆಲ್ಲಿಯೂ ಪ್ರತಿಯಿರಲಿಲ್ಲ. ಮಗ ಮರುವರ್ಷ ಬಂದು ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದಾಗ ಅಮ್ಮನ ಹೆಸರು ತಾನಾಗಿ ಮೂಡಿತು. ಆಗ ಕಾರಣ ತಿಳಿಯಿತು. ಆದರೆ ಅಕ್ಕ ಅದನ್ನು ಒಪ್ಪಲೇ ಇಲ್ಲ. ತನ್ನ ಕೈಯಿಂದಲೇ ಅದು ಹಾಳಾಯಿತೆಂದು ಆಕೆ ಕೊನೆಯವರೆಗೂ ನಂಬಿದ್ದಳು. ಹತ್ತು ಮಂದಿ ಹತ್ತು ಸಲ “ನೀವೇ ಏನೋ ಒತ್ತಿರಬೇಕು” ಎಂದದ್ದರ ಫಲವದು. ‘ಈ ಹೊತ್ತಿನಲ್ಲಿ, ಈ ದೇಶದಿಂದ, ಈ ಯಂತ್ರ ಪ್ರವೇಶಿಸಿತು’ ಎಂಬ ಒಂದು ಸಾಲು ಪರದೆಯ ಮೇಲೆ ಬಂದಿದ್ದರೆ ಹತ್ತನೆಯ ತರಗತಿ ಓದಿದ್ದ ಆಕೆ ತಾನೇ ಅರ್ಥಮಾಡಿಕೊಳ್ಳುತ್ತಿದ್ದಳು.

ಭದ್ರತೆಗಾಗಿ ಹಾಗೆ ಮಾಡಿದ್ದರು ಎಂಬ ವಾದವುಂಟು. ಒಬ್ಬ ಮನುಷ್ಯ ಎರಡು ಕಡೆ ಇರಲಾರ. ಆದ್ದರಿಂದ ಒಂದೇ ಪೀಠವಿದ್ದರೆ ಕಳ್ಳ ಬಂದಾಗ ತಿಳಿಯುತ್ತದೆ ಎನ್ನುತ್ತಾರೆ. ತರ್ಕ ಕೇಳಲು ಚೆನ್ನ, ನಿಲ್ಲುವುದಿಲ್ಲ. ಗುಪ್ತಪದ ಕದ್ದವನು ಒಳಗೆ ಕುಳಿತು ಒಡೆಯನನ್ನೇ ಬೀದಿಗೆ ಹಾಕುವ ವ್ಯವಸ್ಥೆಯನ್ನು ಭದ್ರತೆ ಎನ್ನುವುದು ಹೇಗೆ? ಮೇಲಾಗಿ, ಮನೆಯವರೇ ಬೇರೆ ಯಂತ್ರ ತೆರೆದಾಗಲೂ ನಿಜವಾದ ಕಳ್ಳ ನುಗ್ಗಿದಾಗಲೂ ಪರದೆಯ ಮೇಲೆ ಬರುವ ಸಾಲು ಒಂದೇ. ತೋಳ ಬಂತು ತೋಳ ಎಂದು ದಿನಕ್ಕೆ ನಾಲ್ಕು ಬಾರಿ ಕೂಗಿದರೆ ಊರವರು ಕಿವಿ ಮುಚ್ಚಿಕೊಳ್ಳುತ್ತಾರೆ. ಎಚ್ಚರಿಕೆಯನ್ನು ಅಲಕ್ಷಿಸುವುದನ್ನು ಜನರಿಗೆ ಕಲಿಸಿದ್ದು ಈ ವ್ಯವಸ್ಥೆಯೇ. ಭದ್ರತೆಯೆಂದರೆ ಮಾಹಿತಿ. 2008ರಲ್ಲಿ ಜಿಮೇಲ್ ತನ್ನ ಪುಟದ ಅಡಿಯಲ್ಲಿ, ಯಾವ ಅಂತರ್ಜಾಲ ವಿಳಾಸದಿಂದ ಎಷ್ಟು ಹೊತ್ತಿಗೆ ಪ್ರವೇಶವಾಯಿತೆಂದು ತೋರಿಸಿ, ಉಳಿದೆಲ್ಲ ಕಡೆಯಿಂದ ನಿರ್ಗಮಿಸುವ ಗುಂಡಿಯನ್ನೂ ಕೊಟ್ಟಿತು. ಮರುವರ್ಷ, ಅಂದರೆ 2009ರಲ್ಲಿ, ಎಂಎಸ್‌ಎನ್‌ನ ಉತ್ತರಾಧಿಕಾರಿಯಾದ ವಿಂಡೋಸ್ ಲೈವ್ ಮೆಸೆಂಜರ್ ಸಹ ಹಲವು ಯಂತ್ರಗಳಲ್ಲಿ ಏಕಕಾಲಕ್ಕೆ ಇರಲು ಅವಕಾಶ ಕೊಟ್ಟಿತು. ಹತ್ತು ವರ್ಷ ಅಸಾಧ್ಯವೆಂಬಂತೆ ನಡೆದದ್ದು ಒಂದು ಹೊಸ ಆವೃತ್ತಿಯಲ್ಲಿ ಸಾಧ್ಯವಾಯಿತು.

ಅವೆಲ್ಲ ಇಂದು ಇಲ್ಲ. ವಿಂಡೋಸ್ ಲೈವ್ ಮೆಸೆಂಜರ್ 2013ರಲ್ಲಿ ಸ್ಕೈಪಿಗೆ ಜಾಗ ಬಿಟ್ಟುಕೊಟ್ಟು 2014ರಲ್ಲಿ ಪೂರ್ತಿ ನಿಂತಿತು. ಏಮ್ 2017ರ ಡಿಸೆಂಬರಿನಲ್ಲಿ, ಯಾಹೂ ಮೆಸೆಂಜರ್ 2018ರ ಜುಲೈಯಲ್ಲಿ, ಐಸಿಕ್ಯೂ 2024ರ ಜೂನಿನಲ್ಲಿ ಮುಚ್ಚಿದವು. ಜಾಗ ಪಡೆದ ಸ್ಕೈಪ್ ಕೂಡ 2025ರ ಮೇ ತಿಂಗಳಲ್ಲಿ ಕಣ್ಮುಚ್ಚಿತು. ಹಾಗಿರುವಾಗ ಸತ್ತವರ ಮೇಲೆ ಈ ಕೋಪವೇಕೆ ಎನ್ನುವಿರಾ? ಆ ಮನೋಭಾವ ಸತ್ತಿಲ್ಲವಾದ್ದರಿಂದ.

ಈಗಿನ ವಾಟ್ಸ್ಆ್ಯಪನ್ನೇ ನೋಡೋಣ. 2015ರ ಜನವರಿಯಲ್ಲಿ ಅದರ ವೆಬ್ ರೂಪ ಬಂದಾಗ ಕಂಪ್ಯೂಟರು ಫೋನಿನ ಕನ್ನಡಿಯಾಗಿತ್ತು. ಫೋನಿನ ಸಂಪರ್ಕ ಕಡಿದರೆ ಕಂಪ್ಯೂಟರೂ ಮೂಕ. 2021ರ ಜುಲೈಯಲ್ಲಿ ಹೊಸ ವ್ಯವಸ್ಥೆಯ ಪ್ರಯೋಗ ಆರಂಭವಾಗಿ, ಮುಖ್ಯ ಫೋನಿನ ಜೊತೆಗೆ ನಾಲ್ಕು ಸಾಧನಗಳು ಸ್ವತಂತ್ರವಾಗಿ ಕೆಲಸ ಮಾಡುವಂತಾಯಿತು. ಇಲ್ಲಿ ವಿಳಂಬಕ್ಕೆ ನ್ಯಾಯವಾದ ಕಾರಣವೊಂದಿತ್ತೆಂದು ಹೇಳದಿದ್ದರೆ ಅನ್ಯಾಯವಾದೀತು. 2016ರಿಂದ ಅದರಲ್ಲಿ ಪ್ರತಿ ಮಾತೂ ಬೀಗ ಹಾಕಿಕೊಂಡೇ ಸಾಗುತ್ತದೆ. ಬೀಗದ ಕೈ ಇರುವುದು ಸಾಧನದೊಳಗೆ ಮಾತ್ರ, ಸರ್ವರಿನಲ್ಲಿ ಇಲ್ಲ. ಐದು ಸಾಧನಗಳಿದ್ದರೆ ಐದಕ್ಕೂ ಬೇರೆ ಬೇರೆ ಕೀಲಿ. ಒಂದೇ ಮಾತಿಗೆ ಐದು ಬಾರಿ ಬೀಗ. ಇದು ನಿಜವಾದ ಕಷ್ಟ. ಕಷ್ಟವನ್ನು ಗೆದ್ದವರಿಗೆ ನನ್ನ ನಮಸ್ಕಾರ. ಸೋಮಾರಿತನಕ್ಕೆ ಕಷ್ಟದ ಹೆಸರು ಕೊಟ್ಟವರೊಡನೆ ಮಾತ್ರ ನನ್ನ ಜಗಳ.

ಜಗಳ ಸರ್ಕಾರದೊಡನೆಯೂ ಉಂಟು. 2025ರ ನವೆಂಬರ್ 28ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಇಂತಹ ಸೇವೆಗಳಿಗೆ ಒಂದು ಆದೇಶ ಹೊರಡಿಸಿತು. ನೋಂದಾಯಿಸಿದ ಸಿಮ್ ಫೋನಿನೊಳಗೆ ಇಲ್ಲದಿದ್ದರೆ ಸೇವೆ ನಡೆಯಕೂಡದು. ಕಂಪ್ಯೂಟರಿನ ವೆಬ್ ರೂಪದಿಂದ ಆರು ಗಂಟೆಗೊಮ್ಮೆಯಾದರೂ ಬಳಕೆದಾರನನ್ನು ಹೊರಕಳುಹಿಸಿ, ಫೋನಿನಿಂದ ಸಂಕೇತಚಿತ್ರ ತೋರಿಸಿದ ಮೇಲೆ ಮತ್ತೆ ಒಳಬಿಡಬೇಕು. ಜಾರಿಗೆ 90 ದಿನಗಳ ಅವಧಿ. ಉದ್ದೇಶ ಕೆಟ್ಟದ್ದಲ್ಲ. ಪೊಲೀಸರ ವೇಷ ಹಾಕಿ ‘ಡಿಜಿಟಲ್ ಅರೆಸ್ಟ್’ ಎಂದು ನಿವೃತ್ತರ ಜೀವಮಾನದ ಉಳಿತಾಯ ದೋಚುವ ದುರುಳರು ಇದ್ದಾರೆ, ಅವರನ್ನು ಹಿಡಿಯಬೇಕು. ಆದರೆ ಆ ಆದೇಶ ಮುಂದೆ ಯಾವ ರೂಪ ತಳೆದರೂ ಅದರ ಹಿಂದಿನ ಯೋಚನೆ ಹಳೆಯ ‘ಔಟ್’ ಆಜ್ಞೆಯದೇ. ವಿದೇಶದಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಊರಿನ ಸಂಖ್ಯೆಯಲ್ಲೇ ವಾಟ್ಸ್ಆ್ಯಪ್ ಇಟ್ಟುಕೊಂಡಿದ್ದಾರೆ. ಸಿಮ್ ಮೇಜಿನ ಖಾನೆಯಲ್ಲಿರುತ್ತದೆ. ಅಪ್ಪ ಅಮ್ಮನಿಗೆ ಬಾಯಿಪಾಠವಾಗಿರುವುದು ಆ ಸಂಖ್ಯೆಯೇ. ಕಣ್ಣು ಮಂಜಾಗಿ, ದೊಡ್ಡ ಪರದೆಯಲ್ಲಷ್ಟೇ ಓದಬಲ್ಲವರು ದಿನಕ್ಕೆ ಎರಡು ಮೂರು ಬಾರಿ ಫೋನಿನ ಕ್ಯಾಮೆರಾವನ್ನು ಪರದೆಗೆ ಹಿಡಿದು ನಡುಗುವ ಕೈಯಲ್ಲಿ ಪ್ರವೇಶ ಬೇಡಬೇಕೆ? ಕಳ್ಳನಿಗೆ ಸಂಕೇತಚಿತ್ರ ಹಿಡಿಯುವುದು ಅಭ್ಯಾಸವಾಗುತ್ತದೆ, ಮುದುಕನಿಗೆ ಆಗುವುದಿಲ್ಲ. ಕೇಳಿದವರಿಗೆಲ್ಲ ಸಂಕೇತ ತೋರಿಸುವುದೇ ದಿನಚರಿಯಾದರೆ, ಮೋಸಗಾರ ಕೇಳಿದಾಗಲೂ ತೋರಿಸುವ ಅಪಾಯ ಹೆಚ್ಚುತ್ತದೆಂಬುದನ್ನೂ ಯಾರಾದರೂ ಯೋಚಿಸಬೇಕಿತ್ತು.

ಬರಿಯ ಟೀಕೆಯಿಂದ ಪ್ರಯೋಜನವಿಲ್ಲ. ಮನೆಯಲ್ಲಿ ಇಂತಹ ತೊಂದರೆ ಬಂದಾಗ ಏನು ಮಾಡಬೇಕೆಂದು ಕ್ರಮವಾಗಿ ಹೇಳುತ್ತೇನೆ.

1. ಮತ್ತೆ ಮತ್ತೆ ಪ್ರವೇಶಿಸಲು ಹೋಗಬೇಡಿ. ಪರದೆಯ ಸಾಲನ್ನು ಅಕ್ಷರಶಃ ಕಾಗದದ ಮೇಲೆ ಬರೆದುಕೊಳ್ಳಿ, ಗಂಟೆಯನ್ನೂ ಬರೆಯಿರಿ. ಒಂದೇ ಹೊತ್ತಿಗೆ ಪ್ರತಿದಿನ ಆಗುತ್ತಿದ್ದರೆ, ಎಲ್ಲೋ ಒಂದು ಯಂತ್ರ ತಾನಾಗಿ ಪ್ರವೇಶಿಸುತ್ತಿದೆ ಎಂದು ಊಹಿಸಬಹುದು.

2. ‘ಬೇರೆಡೆ ಪ್ರವೇಶವಾಗಿದೆ’ ಎಂಬುದೂ ‘ಪ್ರವೇಶಿಸಲು ಆಗಲಿಲ್ಲ’ ಎಂಬುದೂ ಬೇರೆ ಬೇರೆ ರೋಗಗಳು. ಎರಡನೆಯದಕ್ಕೆ ಎಷ್ಟೋ ಬಾರಿ ಕಾರಣ ಹಳೆಯ ಕಂಪ್ಯೂಟರಿನೊಳಗಿನ ಪುಟ್ಟ ಬ್ಯಾಟರಿ. ಅದು ಸತ್ತರೆ ಯಂತ್ರದ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿ, ಸರ್ವರಿನ ಪ್ರಮಾಣಪತ್ರವನ್ನು ಯಂತ್ರ ನಂಬುವುದಿಲ್ಲ. ಮೊದಲು ಗಡಿಯಾರ ನೋಡಿ.

3. ನಿಮ್ಮ ಹೆಸರು ಎಲ್ಲೆಲ್ಲಿ ಪ್ರವೇಶಿಸಿತ್ತೆಂದು ಪಟ್ಟಿ ಮಾಡಿ: ಹಳೆಯ ಫೋನು, ಮಗಳ ಲ್ಯಾಪ್‌ಟಾಪು, ಅಂಗಡಿಯಲ್ಲಿ ಮುದ್ರಣಕ್ಕೆಂದು ತೆರೆದ ಕಂಪ್ಯೂಟರು. ವಾಟ್ಸ್ಆ್ಯಪಿನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ಈ ಪಟ್ಟಿ, ಕೊನೆಯ ಬಳಕೆಯ ಸಮಯದೊಡನೆ, ಸಿಗುತ್ತದೆ. ಗುರುತು ಸಿಗದ ಪ್ರತಿಯೊಂದನ್ನೂ ಅಲ್ಲಿಂದಲೇ ಹೊರಹಾಕಿ.

4. ಪಟ್ಟಿಯಲ್ಲಿ ಅಪರಿಚಿತ ಯಂತ್ರವಿದ್ದರೆ ಎಲ್ಲವನ್ನೂ ಹೊರಹಾಕಿ, ಗುಪ್ತಪದ ಬದಲಿಸಿ, ಎರಡು ಹಂತದ ಪರಿಶೀಲನೆಯ ಸಂಖ್ಯೆ ಇಟ್ಟುಕೊಳ್ಳಿ. ಫೋನಿಗೆ ಬರುವ ಆರಂಕಿಯ ಸಂಕೇತವನ್ನು ಸ್ವಂತ ಮೊಮ್ಮಗನ ದನಿಯಲ್ಲಿ ಕೇಳಿದರೂ ಹೇಳಬೇಡಿ.

5. ಎರಡು ಯಂತ್ರಗಳು ನಿಮ್ಮವೇ ಆಗಿದ್ದರೆ ಒಂದರಲ್ಲಿ ಮಾತ್ರ ‘ತಾನಾಗಿ ಪ್ರವೇಶಿಸು’ ಗುರುತನ್ನು ಉಳಿಸಿ. ಎಕ್ಸ್‌ಎಂಪಿಪಿ ಬಳಸುವವರು ಎರಡಕ್ಕೂ ಬೇರೆ ಬೇರೆ ರಿಸೋರ್ಸ್ ಹೆಸರಿಡಿ.

6. ಇದಾವುದೂ ಆಗದಿದ್ದರೂ, ಡಿಸ್ಕನ್ನು ಅಳಿಸಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಪ್ರವೇಶದ ಜಗಳಕ್ಕೆ ಡಿಸ್ಕ್ ಅಳಿಸುವುದು, ಬಾಗಿಲ ಕೀಲಿ ತಿರುಗದಿದ್ದರೆ ಮನೆಗೆ ಬೆಂಕಿ ಇಟ್ಟಂತೆ.

ಇನ್ನು ತಂತ್ರಾಂಶ ಬರೆಯುವ ನನ್ನ ವಿದ್ಯಾರ್ಥಿಗಳಿಗೆ. ನಿಮ್ಮಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲಿ, ಸಾಗರದಾಚೆಯಲ್ಲಿ ಇದೇ ಕೆಲಸದಲ್ಲಿದ್ದೀರಿ. ಅದು ನನಗೆ ಹೆಮ್ಮೆ. ಆದುದರಿಂದಲೇ ನಿಮ್ಮ ಮುಂದೆ ಮೂರು ಬೇಡಿಕೆಗಳನ್ನಿಡುವ ಸಲಿಗೆ ತೆಗೆದುಕೊಳ್ಳುತ್ತೇನೆ. ಒಬ್ಬರನ್ನು ಹೊರಗೆ ಕಳುಹಿಸುವ ಮುನ್ನ ಯಾವ ಯಂತ್ರದಿಂದಾಗಿ, ಎಷ್ಟು ಹೊತ್ತಿಗೆ ಎಂದು ಅವರ ಭಾಷೆಯಲ್ಲಿ ಹೇಳಿ. ಯಾವ ಪೀಠ ಉಳಿಯಬೇಕೆಂಬ ಆಯ್ಕೆಯನ್ನು ಅವರಿಗೇ ಬಿಡಿ. ಪ್ರವೇಶ ಹೋದರೂ ಮಾತುಗಳು ಹೋಗದಂತೆ ನೋಡಿಕೊಳ್ಳಿ. ಮೂರೂ ಸಾಧ್ಯವೆಂಬುದಕ್ಕೆ ನಿಮ್ಮ ವೃತ್ತಿಯ ಇತಿಹಾಸವೇ ಸಾಕ್ಷಿಯೆಂದು ಮೇಲೆ ತೋರಿಸಿದ್ದೇನೆ.

ಉಳಿದ ಮಕ್ಕಳಿಗೆ, ಸೊಸೆ ಅಳಿಯಂದಿರಿಗೆ ಒಂದೇ ಮಾತು. ಮುಂದಿನ ಬಾರಿ ಊರಿನಿಂದ ಕರೆ ಬಂದು “ಇದು ನನ್ನನ್ನು ಹೊರಗೆ ಹಾಕಿತು” ಎಂದರೆ, ಏನು ಒತ್ತಿದಿರಿ ಎಂದು ಕೇಳಬೇಡಿ. ಪರದೆಯ ಮೇಲೆ ಏನು ಬರೆದಿದೆ, ನಿಧಾನವಾಗಿ ಓದಿ ಹೇಳಿ ಎಂದು ಕೇಳಿ. ಅವರು ಓದಿ ಮುಗಿಸುವವರೆಗೆ ಕಾಯಿರಿ. ನೀವು ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದಾಗ ಅವರು ಕಾದಿದ್ದರು.